ಗುರಾಗೆ ಎಂದು ಬರೆದುಕೊಂಡ ಮಾತುಗಳು

ಗಲ್ಫಿನ ದಾರ್ಸೈಟ್‌ನ ನಮ್ಮ ಫ್ಲ್ಯಾಟಿಗೆ ಅವಳು ಬಂದದ್ದು ಅತ್ತೆಗೆ ಪಾರ್ಶ್ವವಾಯು ಬಡಿದ ವರ್ಷ. ನಾನು ರೂವಿಯಲ್ಲಿರುವ ಆಫೀಸಿಗೆ ಹೋದರೆ ಸಂಜೆಯವರೆಗೆ ಅತ್ತೆಯನ್ನು ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಇಥಿಯೋಪಿಯಾದವಳು, ಮೂವತ್ತರ ಆಸುಪಾಸು. ಅತ್ತೆಗೆ ತುಳು ಬಿಟ್ಟರೆ ಬೇರೆ ಭಾಷೆ ಬಾರದು. ಅವಳಿಗೆ ಹರಕು ಅರಬ್ಬಿ, ಹರಕು ಹಿಂದಿ. ಆದರೂ ಎಂಟು ತಿಂಗಳಲ್ಲಿ ಅವಳು ತುಳು ಕಲಿತಳು. ಅತ್ತೆಯ ಸೊಟ್ಟ ಬಾಯಿಂದ ಬರುವ ಒಡೆದ ಮಾತು ನಮಗಿಂತ ಮೊದಲು ಅವಳಿಗೇ ಅರ್ಥವಾಗುತ್ತಿತ್ತು. ಆಮೇಲೆ ನಮ್ಮಿಬ್ಬರ ಮಾತೂ ತುಳುವಿನಲ್ಲೇ ನಡೆಯಿತು. ಇಲ್ಲಿ ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಒಮ್ಮೆ ಬಾಳೆದಿಂಡು ಹೆಚ್ಚುತ್ತಿದ್ದಾಗ ಅವಳು, "ನಮ್ಮಲ್ಲಿ ಇಂಥದ್ದೇ ಒಂದು ಗಿಡ ಉಂಟು ಅಕ್ಕ, ಆದ್ರೆ ಅದ್ರ ಹಣ್ಣು ತಿನ್ನುವುದಿಲ್ಲ" ಎಂದಳು. ಅದರ ದಿಂಡನ್ನು ಕೆರೆದು, ಗುಂಡಿಯಲ್ಲಿ ಹೂತು, ಹುಳಿ ಬಂದ ಮೇಲೆ ರೊಟ್ಟಿ ಮಾಡುತ್ತಾರಂತೆ. ಅವಳು ಗುರಾಗೆ ಜನದವಳು ಎಂದು ನನಗೆ ಗೊತ್ತಾದದ್ದು ಆಗಲೇ. ಇಥಿಯೋಪಿಯಾದವರೆಲ್ಲ ಅಮ್ಹಾರಿಕ್ ಮಾತಾಡುತ್ತಾರೆ ಎಂದುಕೊಂಡಿದ್ದ ನಾನು ಕೇಳಿದೆ, "ಹಾಗಾದ್ರೆ ನಿನ್ನ ಮನೆಮಾತು ಬೇರೆಯಾ?"

"ಬೇರೆ" ಎಂದಳು.

ನನ್ನೊಳಗೆ ಏನೋ ಚಿಗುರಿತು. ಇಲ್ಲಿ ನನ್ನನ್ನು ಎಲ್ಲರೂ ಮೊದಲು ಇಂಡಿಯನ್ ಎನ್ನುತ್ತಾರೆ, ಹೆಚ್ಚೆಂದರೆ ಕನ್ನಡದವಳು ಎನ್ನುತ್ತಾರೆ. ತುಳು ಎಂದರೆ ಅದೆಂತದು ಎಂದು ಕೇಳುತ್ತಾರೆ. ನಾನು ತುಳುವಿನಲ್ಲಿ ಕರೆದರೆ ಮಗಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಇವಳಾದರೂ ನನ್ನಂಥವಳು ಅನ್ನಿಸಿತು. ಮಗಳ ಹಳೆಯ ನೋಟ್‌ಬುಕ್ ತೆಗೆದು ಅವಳ ಮಾತುಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳತೊಡಗಿದೆ. ನೀರಿಗೆ ವುಹಾ, ಉಪ್ಪಿಗೆ ಚೆವ್, ಕೋಳಿಗೆ ದೊರೊ. ದಿನಕ್ಕೆ ಎರಡು, ಕೆಲವು ದಿನ ಐದಾರು. ಕೇಳಿದಾಗೆಲ್ಲ ಅವಳು ಸ್ವಲ್ಪ ತಡೆದು ಹೇಳುತ್ತಿದ್ದಳು. ನೆನಪು ಮಾಡಿಕೊಳ್ಳುತ್ತಿದ್ದಾಳೆ ಎಂದುಕೊಂಡೆ.

ಎರಡನೆಯ ವರ್ಷ ನಮ್ಮ ತುಳುವರ ಕೂಟದಲ್ಲಿ ನನಗೆ ಮಾತಾಡಲು ಅವಕಾಶ ಸಿಕ್ಕಿತು. ಪರದೇಶದಲ್ಲಿ ದುಡಿಯುತ್ತಲೇ ತನ್ನ ತಾಯಿನುಡಿ ಬಿಡದ ಹೆಂಗಸೊಬ್ಬಳು ನಮ್ಮ ಮನೆಯಲ್ಲಿದ್ದಾಳೆ ಎಂದು ಹೇಳಿ, ನೋಟ್‌ಬುಕ್ ತೆರೆದು ಹತ್ತು ಗುರಾಗೆ ಪದ ಓದಿದೆ. ಜೋರು ಚಪ್ಪಾಳೆ ಬಿತ್ತು. ಅವಳು ಕೊನೆಯ ಸಾಲಿನಲ್ಲಿ ಅತ್ತೆಯ ಗಾಲಿಕುರ್ಚಿಯ ಪಕ್ಕ ತಲೆ ತಗ್ಗಿಸಿ ಕೂತಿದ್ದಳು. ನಾಚಿಕೆ ಇರಬೇಕು ಎಂದುಕೊಂಡೆ.

ಎರಡು ವಾರದ ನಂತರ ಹಮ್ರಿಯಾದಲ್ಲಿ ಬಟ್ಟೆ ಹೊಲಿಯಲು ಕೊಟ್ಟು ಬರುವಾಗ ಒಂದು ಇಥಿಯೋಪಿಯನ್ ಹೋಟೆಲ್ ಕಂಡಿತು. ಕಾಫಿ ಕುಡಿಯಲು ಒಳಗೆ ಹೋದೆ. ಕೌಂಟರಿನ ಹೆಂಗಸು ಒಳ್ಳೆಯ ಹಿಂದಿ ಮಾತಾಡುತ್ತಿದ್ದಳು. ಅವಳೂ ಗುರಾಗೆ ಎಂದು ತಿಳಿದು ಹಿಗ್ಗಿದೆ. ಕಲಿತದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ.

ಆಕೆ ನಕ್ಕಳು. "ಚೆನ್ನಾಗಿ ಹೇಳ್ತೀರಿ. ಆದ್ರೆ ಇದು ಅಮ್ಹಾರಿಕ್. ಇದರಲ್ಲಿ ನಮ್ಮ ಮಾತು ಒಂದೂ ಇಲ್ಲ. ಗುರಾಗೆ ಅಂತ ನಿಮಗೆ ಯಾರು ಹೇಳಿದ್ದು?"

ಕಾಫಿ ಅಲ್ಲೇ ಬಿಟ್ಟು ಬಂದೆ. ಟ್ಯಾಕ್ಸಿಯಲ್ಲಿ ಕೂತಾಗ ಕೂಟದ ಚಪ್ಪಾಳೆ ಕೆನ್ನೆಗೆ ಬಿದ್ದಂತಾಗುತ್ತಿತ್ತು.

ಅಡುಗೆಮನೆಯಲ್ಲಿ ಅವಳು ಅತ್ತೆಗೆ ಗಂಜಿ ಬೇಯಿಸುತ್ತಿದ್ದಳು. ನಾನು ನೋಟ್‌ಬುಕ್ಕನ್ನು ಅವಳ ಮುಂದೆ ಎಸೆದೆ.

"ಇಷ್ಟು ದಿನ ನನ್ನನ್ನು ಮಂಗ ಮಾಡಿದೆಯಲ್ಲ?"

ಅವಳು ಒಲೆ ಆರಿಸಿದಳು. ಅಳಲಿಲ್ಲ.

"ನನಗೆ ಬರುವುದಿಲ್ಲ ಅಕ್ಕ" ಎಂದಳು. ಏಳು ವರ್ಷದವಳಿದ್ದಾಗ ಸಂಬಂಧಿಕರೊಬ್ಬರು, ಶಾಲೆಗೆ ಕಳಿಸುತ್ತೇವೆ ಎಂದು ತಾಯಿಯ ಕೈ ಹಿಡಿದು ಮಾತು ಕೊಟ್ಟು ಅವಳನ್ನು ಅಡಿಸ್ ಅಬಾಬಾಕ್ಕೆ ಕರೆದೊಯ್ದರಂತೆ. ಕಳಿಸಿದ್ದು ಶಾಲೆಗಲ್ಲ, ಅಡುಗೆಮನೆಗೆ. ಊರಿನ ಮಾತು ಬಾಯಿಗೆ ಬಂದರೆ ಆ ಮನೆಯೊಡತಿ ಬಾಯಿಗೇ ಹೊಡೆಯುತ್ತಿದ್ದಳಂತೆ. "ಐದು ವರ್ಷ ಆದ ಮೇಲೆ ಅಮ್ಮ ನೋಡ್ಲಿಕ್ಕೆ ಬಂದ್ಳು. ಅವಳು ಮಾತಾಡಿದ್ದು ನನಗೆ ಅರ್ಥವೇ ಆಗ್ಲಿಲ್ಲ. ಅವಳು ನನ್ನ ಕೆನ್ನೆ ಮುಟ್ಟಿ ಹೋದ್ಳು. ಮತ್ತೆ ಬರ್ಲಿಲ್ಲ."

"ಅದನ್ನೇ ನನಗೆ ಹೇಳಬಹುದಿತ್ತಲ್ಲ?"

"ನೀವು ಕೇಳಿದಾಗ ನಿಮ್ಮ ಮುಖ ನೋಡಿ ಇಲ್ಲ ಅನ್ಲಿಕ್ಕೆ ಆಗ್ಲಿಲ್ಲ. ಆಮೇಲೆ ದಿನಾ ಕೇಳಿದ್ರಿ." ಆಗ ಮೊದಲ ಬಾರಿಗೆ ಧ್ವನಿ ಏರಿಸಿದಳು. "ಅಷ್ಟು ಜನರ ಎದುರು ನನ್ನ ಬಗ್ಗೆ ಹೇಳ್ತೇನೆ ಅಂತ ನೀವು ನನ್ನತ್ರ ಒಂದು ಮಾತು ಕೇಳಿದ್ರಾ?"

ನಾನು ಕೇಳಿರಲಿಲ್ಲ. ಆದರೂ ಸಿಟ್ಟು ಇಳಿಯಲಿಲ್ಲ. ಅವಳ ಕಥೆ ಕೇಳಿ ಕರಗಿಬಿಟ್ಟೆ ಎಂದು ಬರೆದರೆ ಸುಳ್ಳಾಗುತ್ತದೆ. ಒಂದು ತಿಂಗಳು ನಾನು ಅವಳೊಂದಿಗೆ ಹಿಂದಿಯಲ್ಲೇ ಮಾತಾಡಿದೆ. ಅದು ಅವಳಿಗೆ ನೋಯುತ್ತದೆ ಎಂದು ಗೊತ್ತಿದ್ದೇ ಮಾಡಿದೆ. ಅವಳೂ ಹಿಂದಿಯಲ್ಲೇ ಉತ್ತರಿಸಿದಳು. ಅತ್ತೆಯ ಕೋಣೆಯಲ್ಲಿ ಮಾತ್ರ ತುಳು ಕೇಳಿಸುತ್ತಿತ್ತು.

ಕೊನೆಗೆ ಒಂದು ಗುರುವಾರ ನಾನೇ ಅವಳಿಗೆ ಹೋಟೆಲಿನ ಗುರಾಗೆ ಹೆಂಗಸಿನ ವಿಷಯ ಹೇಳಿದೆ. ಆಮೇಲೆ ಪ್ರತಿ ಶುಕ್ರವಾರ, ರಜೆಯ ದಿನ, ಅವಳು ಅಲ್ಲಿಗೆ ಹೋಗತೊಡಗಿದಳು. ಒಮ್ಮೆ ಕರೆತರಲು ನಾನು ಕಾರು ತೆಗೆದುಕೊಂಡು ಹೋದಾಗ ಗಾಜಿನ ಬಾಗಿಲಿನಾಚೆ ಇಬ್ಬರೂ ಎದುರುಬದುರು ಕೂತಿದ್ದರು. ಇವಳು ಒಂದೊಂದೇ ಪದ ತಡವರಿಸಿ ಹೇಳುತ್ತಿದ್ದಳು, ಆಕೆ ತಿದ್ದುತ್ತಿದ್ದಳು. ಇವಳು ಹಾಗೆ ಬಾಯ್ತುಂಬ ನಕ್ಕದ್ದನ್ನು ನಮ್ಮ ಮನೆಯಲ್ಲಿ ನಾನು ಕಂಡಿರಲಿಲ್ಲ.

ಕಾರಿನಲ್ಲಿ ತುಳುವಿನಲ್ಲೇ ಕೇಳಿದೆ, "ಇವತ್ತು ಎಂತ ಕಲಿತೆ?"

ಅವಳು ಸೀಟ್ ಬೆಲ್ಟ್ ಹಾಕಿಕೊಂಡು ರಸ್ತೆ ನೋಡಿದಳು. "ಅದು ನನಗೇ ಇರಲಿ ಅಕ್ಕ" ಎಂದಳು.