ಎಂಟು ನಿಮಿಷ ಓಡುತ್ತಿದ್ದ ಎಂಜಿನ್

ಪೆಟ್ರೋಲಿಗೆ ಟೂ-ಸ್ಟ್ರೋಕ್ ಆಯಿಲ್ ಬೆರೆಸಿದಾಗ ಏಳುವ ವಾಸನೆ ನಿಮಗೆ ಗೊತ್ತಿರಬಹುದು. ಮೊದಲು ಮೂಗಿಗೆ ಚುಚ್ಚಿ, ಆಮೇಲೆ ಗಂಟಲಲ್ಲಿ ಸಿಹಿಯಾಗಿ ಕೂರುತ್ತದೆ. ಕಳಂಬೋಲಿಯಲ್ಲಿ ಹಳೆ ಪಂಪು, ಹಳೆ ಎಂಜಿನ್ ಕೊಂಡು ಮಾರುವ ನನಗೆ ಅದು ದಿನವೂ ಉಸಿರಾಡುವ ಗಾಳಿ, ಗಮನಕ್ಕೇ ಬರುವುದಿಲ್ಲ. ಆದರೆ ಮಳೆಗೆ ಮುಂಚಿನ ಸೆಖೆಯಲ್ಲಿ, ಶಟರ್ ಅರ್ಧ ಇಳಿಸಿದ ಅಂಗಡಿಯೊಳಗೆ ಪಕ್ಕದವರ ಊದುಬತ್ತಿಯ ಹೊಗೆ ಬಂದು ಅದರ ಜೊತೆ ಸೇರಿದರೆ ಮುಗಿಯಿತು, ಡೊಂಬಿವಲಿಯ ಆ ಒಂದೂವರೆ ಕೋಣೆಯ ಮನೆ ಎದ್ದು ಬರುತ್ತದೆ. ಆ ಮನೆಯಿದ್ದ ಚಾಳ್, ಒಂದೇ ಪಡಸಾಲೆಗೆ ತೆರೆಯುವ ಸಾಲುಮನೆಗಳ ಕಟ್ಟಡ, ಈಗಿಲ್ಲ. ಅಲ್ಲೆದ್ದ ಟವರಿನ ಮುಂದೆ ನಿಂತು ನಮ್ಮ ಬಾಗಿಲು ಎಲ್ಲಿತ್ತೆಂದು ಒಮ್ಮೆ ಅಂದಾಜು ಮಾಡಿದೆ. ಲಿಫ್ಟ್ ಇರುವ ಕಡೆ ಇರಬೇಕು. ಬೆಳೆದ ಮನೆಯ ನೆಲ ಕಳಕೊಂಡವರಿಗೆ ಈ ಅಂದಾಜಿನ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ.

ಅಮ್ಮ ತೀರಿಹೋದ ಮೇಲೆ ನನ್ನನ್ನು ಸಾಕಿದವರು ಅವಳ ತಮ್ಮ ವಾಸು ಮಾಮ ಮತ್ತು ಅವರ ಹೆಂಡತಿ ಶಾರದಾ ಮಾಮಿ. ಮಾಮ ಹದಿನಾಲ್ಕನೇ ವಯಸ್ಸಿಗೆ ಉಡುಪಿ ಕಡೆಯ ಕಡಲ ದಂಡೆ ಬಿಟ್ಟು ಬಂದು, ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಗ್ಲಾಸು ತೊಳೆದು, ಸಪ್ಲೈಯರ್ ಆಗಿ, ಕೊನೆಗೆ ಕೌಂಟರಿಗೆ ಏರಿದವರು. ಮೈಯೆಲ್ಲ ಸಾಂಬಾರಿನ ವಾಸನೆ, ಮನಸ್ಸೆಲ್ಲ ಕಡಲು. ಊರಲ್ಲಿ ಅವರ ಅಣ್ಣನಿಗೆ, ನಾನು ದೊಡ್ಡ ಮಾಮ ಎನ್ನುತ್ತಿದ್ದವರಿಗೆ, ಒಂದು ನಾಡದೋಣಿ ಇತ್ತು. ಎಂಜಿನ್ ತಂದರೆ ನೀನೂ ದೋಣಿಗೆ ಬಾ ಎಂದು ಅವರು ಮಾತು ಕೊಟ್ಟಿದ್ದರು. ಅಷ್ಟಕ್ಕೇ ಮಾಮ ಡೊಂಬಿವಲಿಯ ಖಾಡಿಯ, ಅಂದರೆ ಕಡಲ ಹಿನ್ನೀರಿನ, ಮೀನುಗಾರನೊಬ್ಬನಿಂದ, ತನಗಿಂತ ಹಳೆಯದಾದ ಔಟ್‌ಬೋರ್ಡ್ ಎಂಜಿನ್, ಅಂದರೆ ದೋಣಿಯ ಹಿಂಬದಿಗೆ ಸಿಕ್ಕಿಸುವ ಮೋಟಾರು, ಕೊಂಡು ತಂದರು. ಚೌಕಾಸಿಯಲ್ಲಿ ಮಾಮ ದಡ್ಡರು. ಹಳೆ ಎಂಜಿನ್ ಕೊಳ್ಳುವವರು ನನ್ನದೊಂದು ಮಾತು ಕೇಳಿ: ಮೊದಲು ಅದರ ಮೈ ಮುಟ್ಟಿ ನೋಡಿ. ಬಿಸಿಯಿದ್ದರೆ ನೀವು ಬರುವ ಮುಂಚೆಯೇ ಮಾರುವವ ಹೇಗೋ ಒದ್ದಾಡಿ ಚಾಲೂ ಮಾಡಿಟ್ಟಿದ್ದಾನೆ ಎಂದರ್ಥ. ನಾಳೆ ಬರುತ್ತೇನೆಂದು ಹೇಳಿ ಹೊರಟುಬಿಡಿ.

ವಾರದ ರಜೆಯ ಸಂಜೆ ಚಾಳಿನ ಹಿಂದೆ ಅದರ ಆರೈಕೆ ನಡೆಯುತ್ತಿತ್ತು. ನೀರು ತುಂಬಿಡುವ ನೀಲಿ ಡ್ರಮ್ಮಿನ ಅಂಚಿಗೆ ಹಲಗೆ ಕಟ್ಟಿ ಮೋಟಾರನ್ನು ಬಿಗಿದು, ಮಾಮ ಬನಿಯನ್ನಿನಲ್ಲಿ ನಿಂತು ಹಗ್ಗ ಎಳೆಯುತ್ತಿದ್ದರು. ಇಪ್ಪತ್ತು, ಮೂವತ್ತು ಎಳೆತಕ್ಕೆ ಅದು ಕೆಮ್ಮಿ ಎದ್ದರೆ ಹೊಗೆ ಹಗ್ಗದ ಮೇಲಿನ ಸೀರೆಗಳಿಗೆಲ್ಲ ಮೆತ್ತಿಕೊಳ್ಳುತ್ತಿತ್ತು. "ಅಣ್ಣಾ, ಆಜ್ ತರೀ ಕಪಡೇ ಸುಕೂ ದೇ," ಇವತ್ತಾದರೂ ಬಟ್ಟೆ ಒಣಗಲಿ ಎಂದು ಪಕ್ಕದ ಮನೆಯ ಕಾಕು ಗೊಣಗುತ್ತಿದ್ದಳು. ಎಂಟು ನಿಮಿಷ ಚೆನ್ನಾಗಿ ಓಡಿ, ದನಿ ಸಣ್ಣದಾಗಿ, ಎಂಜಿನ್ ಸತ್ತುಹೋಗುತ್ತಿತ್ತು. ಮಾಮ ಟ್ಯಾಂಕಿನ ಮುಚ್ಚಳ ತೆಗೆದು ಪೆಟ್ರೋಲ್ ಇದೆಯೇ ಎಂದು ಇಣುಕುವರು, ಮುಚ್ಚುವರು, ಪ್ಲಗ್ ಬಿಚ್ಚಿ ಬನಿಯನ್ನಿಗೆ ಒರಸುವರು, ಮತ್ತೆ ಎಳೆಯುವರು. ಮತ್ತೆ ಎಂಟು ನಿಮಿಷ. ಪ್ಲಗ್ ಹೊಸದು ಹಾಕಿದರು, ಕಾರ್ಬುರೇಟರ್ ತೊಳೆದರು, ಪಾಯಿಂಟ್ ಉಜ್ಜಿದರು. ಏನು ಮಾಡಿದರೂ ಆ ಕ್ಷಣಕ್ಕೆ ಗುಣ ಕಂಡಂತಾಗುತ್ತಿತ್ತು. "ಕಾಯಿಲ್ ಬಿಸಿಯಾಗ್ತಾ ಉಂಟು, ಬೇರೆ ಎಂತದೂ ಅಲ್ಲ," ಎನ್ನುತ್ತಿದ್ದರು. ಅವರ ಅಂಗೈಯ ಮೇಲಿದ್ದ ಆ ಪ್ಲಗ್ ಒಣಗಿರುತ್ತಿತ್ತು. ನಿಂತ ಎಂಜಿನ್ನಿನ ಪ್ಲಗ್ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ ಎಂದರ್ಥ, ದೋಷ ಕಿಡಿ ಹುಟ್ಟಿಸುವ ಕಾಯಿಲಿನದಲ್ಲ. ಆಗ ಅದನ್ನು ಹೇಳುವವರು ಯಾರೂ ಇರಲಿಲ್ಲ.

ರಾತ್ರಿ ಮೋಟಾರು ಮಲಗುತ್ತಿದ್ದುದು ನಮ್ಮ ಜೊತೆ, ಅಕ್ಕಿ ಡಬ್ಬದ ಪಕ್ಕ. ಅಲ್ಲೇ ಗ್ಯಾಸ್ ಒಲೆ, ಅಲ್ಲೇ ದೇವರ ದೀಪ. ಮಾಮಿಗೆ ಜೀವಭಯ. ಟ್ಯಾಂಕಿನ ಮುಚ್ಚಳದ ನಡುವೆ ಒಂದು ಪುಟ್ಟ ತಿರುಪು ಇತ್ತು, ವಾಸನೆ ಬರುತ್ತಿದ್ದುದು ಅಲ್ಲಿಂದ. "ಅಶ್ವಿನಿ, ಬಿಗಿ ಮಾಡು ಮಗಾ, ವಾಸನೆ ನಿಲ್ಲುವವರೆಗೆ ಬಿಗಿ ಮಾಡು," ಎನ್ನುವರು. ನನ್ನ ಬೆರಳು ಸಣ್ಣವು, ಕೆಲಸ ನನ್ನದಾಯಿತು. ಅದನ್ನು ಮತ್ತೆ ಸಡಿಲಿಸಬೇಕೆಂದು ಅವರಿಗೂ ಗೊತ್ತಿಲ್ಲ, ನನಗೂ ಇಲ್ಲ. ಹುಡುಗನಾಗಿದ್ದಾಗ ಹುಟ್ಟು ಹಾಕುವ ದೋಣಿ ಮಾತ್ರ ಕಂಡಿದ್ದ ಮಾಮನಿಗೂ ಇಲ್ಲ.

ಒಂದು ಬೇಸಿಗೆಯಲ್ಲಿ ದೊಡ್ಡ ಮಾಮ ಎಂಜಿನ್ ನೋಡಲೆಂದೇ ಊರಿಂದ ಬಂದರು. ನೆಂಟರ ಮುಂದೆ ಮನೆ ನಾರಬಾರದೆಂದು ಅಂದು ಬೆಳಿಗ್ಗೆ ನಾನು ಇಕ್ಕಳ ಹಿಡಿದು ಆ ತಿರುಪನ್ನು ಇನ್ನೂ ಒಂದು ಸುತ್ತು ಬಿಗಿದೆ. ಮಾಮಿ ನನ್ನ ಬೆನ್ನು ತಟ್ಟಿದರು. ರೇತಿಬಂದರಿನ ಖಾಡಿಯಲ್ಲಿ ಕೇಳಿ ಪಡೆದ ಸಣ್ಣ ದೋಣಿ. ನಾನು ಮುಂದೆ, ದೊಡ್ಡ ಮಾಮ ನಡುವೆ, ಹಿಂದೆ ಎಂಜಿನ್ ಹಿಡಿದ ಮಾಮ. ಅವರ ಮುಖ ಅಷ್ಟು ಎಳೆಯದಾಗಿ ಕಂಡದ್ದು ನನಗೆ ಅದೊಂದೇ ಸಲ. ರೈಲ್ವೆ ಸೇತುವೆ ಹಿಂದೆ ಸರಿಯುತ್ತಿತ್ತು, ಕಪ್ಪು ನೀರು ಎರಡಾಗುತ್ತಿತ್ತು. "ಹೇಗುಂಟು ಅಣ್ಣ?" ಎಂದು ಕೇಳಿದರು. ದೊಡ್ಡ ಮಾಮ ಬಾಯಿ ತೆರೆಯುವ ಮುಂಚೆ ಎಂಜಿನ್ನಿನ ದನಿ ಸಣ್ಣದಾಯಿತು. ಅಣ್ಣನ ಮುಂದೆ ಗಾಬರಿಯಾದ ಮಾಮ ಮುಚ್ಚಳ ತೆಗೆದು ನೋಡುವುದನ್ನೂ ಮರೆತು ಹಗ್ಗ ಎಳೆದರು, ಎಷ್ಟು ಎಳೆದರೂ ಏಳಲಿಲ್ಲ, ಇಳಿತದ ನೀರು ನಮ್ಮನ್ನು ಕೆಸರಿನ ಕಡೆಗೆ ಒಯ್ದಿತು. ದೊಡ್ಡ ಮಾಮ ಬಿದಿರ ಗಳ ಊರಿ ದಡ ಮುಟ್ಟಿಸಿ, ಕಾಲು ತೊಳೆಯುತ್ತಾ ಹೇಳಿದರು: "ಇಲ್ಲಿ ನಿಂತದ್ದಕ್ಕೆ ಗಳ ಊರಿದ್ದು. ಅಲ್ಲಿ ಕಡಲಲ್ಲಿ ನಿಂತರೆ ಎಂತ ಊರುದು ವಾಸು? ನಾಲ್ಕು ಜನರ ಜೀವ ಇದರ ಮೇಲೆ ಇಡುದಕ್ಕೆ ನನ್ನಿಂದಾಗುದಿಲ್ಲ."

"ಎಂಜಿನ್ ಒಂದು ನೆಪ ನಿಮಗೆ," ಎಂದರು ಮಾಮ. "ತಮ್ಮ ಬರುದು ಬೇಡ, ಅಷ್ಟೇ."

ಅಂದಿಗೆ ಅಣ್ಣತಮ್ಮಂದಿರ ಮಾತು ನಿಂತಿತು. ಎಂಜಿನ್ ಗುಜರಿಗೆ ಹೋಯಿತು, ಮಾಮ ಕೌಂಟರಿನಲ್ಲೇ ಉಳಿದರು. ಡ್ರಮ್ಮಿಗೆ ಮತ್ತೆ ಕುಡಿಯುವ ನೀರು ತುಂಬಿತು, ಆದರೂ ಬಹಳ ದಿನ ಅದರಲ್ಲಿ ಎಣ್ಣೆಯ ಬಣ್ಣ ತೇಲುತ್ತಿತ್ತು. ಚಾಳ್ ಒಡೆದಾಗ ನಾವು ಕಾಮೋಠೆಗೆ ಬಂದೆವು. ದೊಡ್ಡ ಮಾಮ ತೀರಿಕೊಂಡ ಸುದ್ದಿ ಬಂದ ದಿನವೂ ಮಾಮ ಊರಿಗೆ ಹೋಗದೆ ಡ್ಯೂಟಿಗೆ ಹೋದರು.

ವ್ಯಾಪಾರಕ್ಕೆ ಇಳಿದ ಎಷ್ಟೋ ವರ್ಷದ ಮೇಲೆ, ಅಂಥದ್ದೇ ಮೋಟಾರು ನನ್ನ ಅಂಗಡಿಗೆ ಬಂತು. ಹಗ್ಗ ಎಳೆಯುತ್ತಿದ್ದ ನನ್ನನ್ನು ಕಂಡು ಗಿರಾಕಿಯೊಬ್ಬ, ಬೆಲೆ ಮಾತಾಡುತ್ತಲೇ, ಮುಚ್ಚಳದ ತಿರುಪನ್ನು ಉಗುರಿನಿಂದ ಎರಡು ಸುತ್ತು ಸಡಿಲಿಸಿದ. "ಮ್ಯಾಡಮ್, ಪೆಹಲೇ ಹವಾ ತೋ ಖೋಲೋ," ಮೊದಲು ಗಾಳಿಗೆ ದಾರಿ ಬಿಡಿ ಎಂದ. ಪೆಟ್ರೋಲ್ ಕೆಳಗಿಳಿಯಬೇಕಾದರೆ ಮೇಲಿಂದ ಗಾಳಿ ಒಳಗೆ ಬರಬೇಕು, ಇಷ್ಟೇ ವಿಷಯ. ಮಾಮ ಮುಚ್ಚಳ ತೆಗೆದು ಇಣುಕಿದಾಗೆಲ್ಲ ಗಾಳಿ ಹೊಕ್ಕು ಇನ್ನೆಂಟು ನಿಮಿಷ ಸಿಗುತ್ತಿತ್ತು, ನಾನು ಬಿಗಿದ ತಿರುಪು ಮತ್ತೆ ಅದನ್ನು ಕೊಲ್ಲುತ್ತಿತ್ತು. ಎಂಜಿನ್ ಮಧ್ಯಾಹ್ನದವರೆಗೆ ಓಡಿತು. ನಾನು ಚೌಕಾಸಿ ಮರೆತು, ಅವನು ಹೇಳಿದ ರೇಟಿಗೇ ಕೊಟ್ಟು ಕಳಿಸಿದೆ.

ಆ ವೇಳೆಗೆ ಮಾಮ ಹಾಸಿಗೆ ಹಿಡಿದಿದ್ದರು, ಕೈಕಾಲು ಮಾತು ಕೇಳುತ್ತಿರಲಿಲ್ಲ. ಒಂದು ಸಂಜೆ ಅವರೇ ಕೇಳಿದರು. "ನೀನೀಗ ದೊಡ್ಡ ಎಂಜಿನ್ ಡಾಕ್ಟ್ರು. ನಮ್ಮ ಮೋಟಾರಿಗೆ ಎಂತ ಆಗಿತ್ತು, ಹೇಳು ನೋಡುವ." ಆ ತಿರುಪು ಬಿಗಿ ಮಾಡಿಸಿದ ಮಾಮಿ ಅಕ್ಕಿ ಆರಿಸುತ್ತಾ ಅಲ್ಲೇ ಕೂತಿದ್ದರು. ಯಾರ್ಯಾರನ್ನೋ ಕರೆದು ಕರೆದು ಬುದ್ಧಿ ಹೇಳುವ ನಾನು ಅಂದೆ: "ಕಾಯಿಲ್ ಮಾಮ. ಆ ಪಾರ್ಟ್ ಎಲ್ಲೂ ಸಿಗುದಿಲ್ಲ."

"ನಾನು ಆವತ್ತೇ ಹೇಳಿರ್ಲಿಲ್ವಾ," ಎಂದು ಮಾಮ ನಕ್ಕರು. ಗೆದ್ದವರ ನಗು. ನನಗೆ ಹಗುರವಾಯಿತು. ಸ್ವಲ್ಪ ಹೊತ್ತಿಗೆ ಆ ನಗು ಹೋಯಿತು. "ಅಂದರೆ ಅದು ರಿಪೇರಿ ಆಗುವ ಎಂಜಿನ್ನೇ ಅಲ್ಲ. ಅಣ್ಣ ಹೇಳಿದ್ದು ಸರಿಯೇ ಇತ್ತು. ಅವ ನೆಪ ಹೇಳಿದ್ದಲ್ಲ."

ಊರಿಗೆ ಫೋನ್ ಹಚ್ಚು ಎಂದರು. ದೊಡ್ಡ ಮಾಮನ ಹೆಂಡತಿ ಫೋನಿಗೆ ಬಂದ ಮೇಲೆ, "ತಪ್ಪು ನನ್ನದೇ ಅತ್ತಿಗೆ," ಎಂದರು. ಅವರ ಕೈ ಏಳುತ್ತಿರಲಿಲ್ಲ. ಫೋನನ್ನು ಅವರ ಕಿವಿಗೆ ಹಿಡಿದು ನಿಂತಿದ್ದವಳು ನಾನು.