ಕಿಂಡಿಯೊಳಗಿನ ಐದು ಗೀಟು

ನನಗೆ ಒಂದು ಕಡೆ ಸುಮ್ಮನೆ ಕೂತು ಗೊತ್ತಿಲ್ಲ. ಊಟಕ್ಕೆ ಕೂತರೂ ಕಾಲು ಅಲ್ಲಾಡುತ್ತಿರುತ್ತದೆ. ಹುಣಸೂರಿನಲ್ಲಿ ನನ್ನ ಸ್ಟುಡಿಯೋ ಇದ್ದ ಸಾಲಿನ ಟೀ ಅಂಗಡಿಯವನು ನನ್ನನ್ನು ಕಂಡರೆ ಕೇಳದೆಯೇ ಲೋಟ ತುಂಬುತ್ತಿದ್ದ. ದಿನಕ್ಕೆ ಎಷ್ಟು ಕುಡಿದೆ ಅಂತ ನಾನೂ ನೆನಪಿಡುತ್ತಿರಲಿಲ್ಲ. ಇಂಥವನು ಹೊಟ್ಟೆಪಾಡಿಗೆ ಆರಿಸಿಕೊಂಡಿದ್ದು, ಎದುರಿಗೆ ನಿಂತವರಿಗೆಲ್ಲ ‘ಅಲ್ಲಾಡಬೇಡಿ’ ಅಂತ ಗದರಿಸುವ ಕೆಲಸವನ್ನು.

ತೊಂಬತ್ತರ ದಶಕದಲ್ಲಿ ನನ್ನ ಹೆಂಡತಿಯೂ ಜೊತೆಗೆ ಬರುತ್ತಿದ್ದಳು. ಮದುವೆಗಳಿಗಲ್ಲ, ತೊಟ್ಟಿಲ ಶಾಸ್ತ್ರಗಳಿಗೆ. ನಮ್ಮ ಕಡೆ ಹಳ್ಳಿಗಳಲ್ಲಿ ಎಳೆಗೂಸಿನ ಮೇಲೆ ಫ್ಲ್ಯಾಶ್ ಹಾಕಲು ಅಜ್ಜಿಯರು ಬಿಡುತ್ತಿರಲಿಲ್ಲ. “ಮಗೀಗೆ ಮಿಂಚು ಒಡೀಬ್ಯಾಡ ಕಣಪ್ಪ, ಕಣ್ಣು ಓಯ್ತದೆ” ಅನ್ನುತ್ತಿದ್ದರು. ಹಾಗಾಗಿ ಕಿಟಕಿಯ ಬೆಳಕೇ ಗತಿ. ಹೆಂಡತಿ ದೊಡ್ಡದೊಂದು ಬಿಳಿ ಥರ್ಮಾಕೋಲ್ ಶೀಟು ಹಿಡಿದು ನಿಂತು, ಆ ಬೆಳಕನ್ನು ತೊಟ್ಟಿಲ ಕಡೆಗೆ ತಿರುಗಿಸುತ್ತಿದ್ದಳು. ಬಾಣಂತಿ ಕೋಣೆಯ ಬಾಗಿಲಲ್ಲಿ ನನ್ನನ್ನು ಅನುಮಾನದಿಂದ ನೋಡುವವರು ಅವಳ ಮುಖ ಕಂಡು ಒಳಗೆ ಬಿಡುತ್ತಿದ್ದರು. ಅವಳಿಗೆ ಆ ಕೆಲಸ ಅಂದರೆ ಪ್ರಾಣ. ಬಸ್ಸಿನಲ್ಲಿ ಶೀಟನ್ನು ಮುರಿಯದಂತೆ ತಬ್ಬಿಕೊಂಡು ಕೂತು, ಪಕ್ಕದವರು ಕೇಳದಿದ್ದರೂ “ನಾವು ಫೋಟೋದೋರು” ಅಂತ ಹೇಳಿಕೊಳ್ಳುತ್ತಿದ್ದಳು.

ಫ್ಲ್ಯಾಶ್ ಇಲ್ಲದೆ ಮಬ್ಬು ಕೋಣೆಯಲ್ಲಿ ಫೋಟೋ ತೆಗೆಯಬೇಕೆಂದರೆ ಕ್ಯಾಮೆರಾದ ಬಾಗಿಲು ಕೊಂಚ ಹೆಚ್ಚು ಹೊತ್ತು ತೆರೆದಿರಬೇಕು. ಅಷ್ಟರಲ್ಲಿ ಕೂದಲೆಳೆಯಷ್ಟು ಕದಲಿದರೂ ಚಿತ್ರ ಕಲಸಿಹೋಗುತ್ತದೆ. ಸ್ಟ್ಯಾಂಡು ಹಾಕಬಹುದಿತ್ತು. ಇಕ್ಕಟ್ಟಿನ ಕೋಣೆ, ಕಾಲಿಗೆ ಅಡ್ಡ ಬರುವ ಮಕ್ಕಳು ಅಂತ ನೆಪ ಹೇಳುತ್ತಿದ್ದೆ. ನಿಜವೆಂದರೆ ಅದನ್ನು ಬಿಚ್ಚಿ ನಿಲ್ಲಿಸುವಷ್ಟು ತಾಳ್ಮೆ ನನಗಿರಲಿಲ್ಲ. ರೋಲನ್ನು ಕಂಡಕ್ಟರ್ ಕೈಲಿ ಮೈಸೂರಿನ ಲ್ಯಾಬಿಗೆ ಕಳಿಸಿ, ಪ್ರಿಂಟು ಬರುವ ತನಕ ಬಸ್‌ಸ್ಟ್ಯಾಂಡಿಗೂ ಅಂಗಡಿಗೂ ಅಲೆದಾಡುತ್ತಿದ್ದೆ. ಬಂದಾಗ ನೋಡಿದರೆ ಅರ್ಧಕ್ಕರ್ಧ ಕಲಸಿರುತ್ತಿದ್ದವು. ಮಗು ಒದ್ದಾಡಿತು, ತೊಟ್ಟಿಲು ತೂಗಿತು ಅಂತ ಏನೋ ಒಂದು ಹೇಳಿ ಮುಗಿಸುತ್ತಿದ್ದೆ.

ಸಾಲಿಗ್ರಾಮದ ಒಂದು ಮನೆಯಲ್ಲಿ ಈ ಆಟ ನಡೆಯಲಿಲ್ಲ. ಅಲ್ಲಿ ನಾನು ಫೋಟೋ ತೆಗೆಯುವಾಗ ಮಗು ಗಾಢ ನಿದ್ದೆಯಲ್ಲಿತ್ತು, ತೊಟ್ಟಿಲು ನಿಂತೇ ಇತ್ತು. ಪ್ರಿಂಟು ಕೊಡಲು ನಾವಿಬ್ಬರೂ ಹೋದಾಗ ಮಗುವಿನ ತಾತ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿ, “ಇದೇನ್ರಿ, ನಮ್ ಮಗೀಗೆ ಎಲ್ಡು ಮೂಗು ಬಂದವೆ?” ಅಂದರು. ಮನೆಯವರೆಲ್ಲ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಹೆಂಡತಿಯ ಕಡೆ ಕೈ ತೋರಿಸಿ, “ಇವಳೇ ಕಣ್ರೀ, ಶೀಟು ನೆಟ್ಟಗೆ ಹಿಡಿಯೋದು ಬಿಟ್ಟು ಅಲ್ಲಾಡಿಸ್ತಾಳೆ” ಅಂದುಬಿಟ್ಟೆ.

ಶೀಟು ಅಲ್ಲಾಡಿದರೆ ಬೆಳಕು ಹೆಚ್ಚುಕಮ್ಮಿ ಆದೀತೇ ಹೊರತು ಮೂಗು ಎರಡಾಗುವುದಿಲ್ಲ. ಅದು ನನಗೆ ಗೊತ್ತಿತ್ತು, ಗೊತ್ತಿದ್ದೂ ಅಂದೆ. ಅವಳು ಸೆರಗು ಸರಿ ಮಾಡಿಕೊಂಡು ತಲೆ ತಗ್ಗಿಸಿದಳು. “ಓಗ್ಲಿ ಬುಡಿ, ಎಣ್ಮಗಳು” ಅಂತ ತಾತನೇ ನನ್ನನ್ನು ಸಮಾಧಾನ ಮಾಡಿದರು. ವಾಪಸ್ಸು ಬರುವಾಗ ಕೆ.ಆರ್. ನಗರದ ಬಸ್‌ಸ್ಟ್ಯಾಂಡಿನಲ್ಲಿ, “ನಾಳೆಯಿಂದ ನೀನು ಬರೋದು ಬೇಡ” ಅಂದೆ.

ಅವಳು ಬರಲಿಲ್ಲ. ಮನೆಯಲ್ಲಿ ಹೊಲಿಗೆ ಮಿಷನ್ ಹಾಕಿಕೊಂಡು ಅಕ್ಕಪಕ್ಕದವರ ರವಿಕೆ ಹೊಲಿಯತೊಡಗಿದಳು. ನಾನು ಶಾಸ್ತ್ರಕ್ಕೆ ಹೊರಟಾಗ ಒಂದೇ ಮಾತು ಕೇಳುತ್ತಿದ್ದಳು, “ಬೆಳಕು ಯಾರು ಹಿಡೀತಾರೆ?” “ಗೋಡೆಗೆ ಒರಗಿಸ್ಕೋತೀನಿ” ಅನ್ನುತ್ತಿದ್ದೆ. ಶೀಟು ಗೋಡೆಗೆ ಒರಗಿ ಅಲ್ಲಾಡದೆ ನಿಂತಿತು. ಫೋಟೋಗಳು ಮಾತ್ರ ಕಲಸುತ್ತಲೇ ಇದ್ದವು. ಏಳೆಂಟು ವರ್ಷ ಹೀಗೇ ಕಳೆಯಿತು.

ಅಷ್ಟರಲ್ಲಿ ಡಿಜಿಟಲ್ ಬಂತು. ಮೈಸೂರಿನ ಅಂಗಡಿಯೊಂದರಲ್ಲಿ ಹೊಸ ಕ್ಯಾಮೆರಾ ತೋರಿಸುತ್ತ ಅಂಗಡಿಯ ಹುಡುಗಿ, “ಇದರಲ್ಲಿ ನಿಮ್ಮ ಕೈ ನಡುಗಿದ್ರೂ ತೊಂದ್ರೆ ಇಲ್ಲ ಸಾರ್. ಫಿಲಂ ಜಾಗದಲ್ಲಿ ಸೆನ್ಸರ್ ಇರುತ್ತಲ್ಲ, ನಡುಕಕ್ಕೆ ಚಿತ್ರ ಯಾವ ಕಡೆ ಜಾರುತ್ತೋ ಅದೂ ಆ ಕಡೆಗೇ ಸರಿದು ಹಿಡ್ಕೊಳುತ್ತೆ” ಅಂದಳು.

“ನನ್ನ ಕೈ ನಡುಗಲ್ಲಮ್ಮ” ಅಂದೆ.

ಅವಳು ವಾದ ಮಾಡಲಿಲ್ಲ. ಕ್ಯಾಮೆರಾ ಕೈಗಿಟ್ಟು ಕಿಂಡಿಯಲ್ಲಿ ನೋಡಿ ಅಂದಳು. ಮೂಲೆಯಲ್ಲಿ ಸಣ್ಣ ಸಣ್ಣ ಗೀಟುಗಳಿದ್ದವು. ಕೈ ಎಷ್ಟು ನಡುಗಿದರೆ ಅಷ್ಟು ಗೀಟು, ಹೆಚ್ಚೆಂದರೆ ಐದು, ಕೈ ನಿಂತರೆ ಇಳಿಯುತ್ತವೆ ಅಂತ ವಿವರಿಸಿದಳು. ನನಗೆ ಐದೂ ಕಂಡವು. ಮೊಣಕೈಯನ್ನು ಪಕ್ಕೆಗೆ ಒತ್ತಿ ಉಸಿರು ಕಟ್ಟಿದೆ. ಆಗಲೂ ಐದೇ. “ಟೀ ಜಾಸ್ತಿನಾ ಸಾರ್?” ಅಂತ ಕೇಳಿದಳು. ಕ್ಯಾಮೆರಾ ಕೊಂಡು ಬಂದೆ.

ಒಂದು ವಾರ ನನಗೆ ನೆಮ್ಮದಿ ಇರಲಿಲ್ಲ. ಅಂಗಡಿಗೆ ಗಿರಾಕಿ ಬಂದರೂ ಬೇಡ, ಒಳಗೆ ಹೋಗಿ ಗೋಡೆಯ ಕ್ಯಾಲೆಂಡರಿನ ಫೋಟೋ ತೆಗೆಯುವುದು. ಕ್ಯಾಮೆರಾದಲ್ಲಿ ನಡುಕ ತಡೆಯುವ ಸ್ವಿಚ್ಚು ಹಾಕಿದರೆ ರಾಹುಕಾಲದ ಸಣ್ಣ ಅಕ್ಷರವೂ ಓದುವಂತೆ ಬರುತ್ತಿತ್ತು. ಆರಿಸಿದರೆ ದೇವರ ಕಿರೀಟವೂ ಎರಡಾಗುತ್ತಿತ್ತು. ಹಾಕಿದೆ, ಆರಿಸಿದೆ, ಮತ್ತೆ ಹಾಕಿದೆ. ಪ್ರತಿ ಸಲವೂ ಅದೇ ತೀರ್ಪು. ಎದೆಯಲ್ಲಿ ಮುಳ್ಳು ಮುರಿದಂತಾಗಿತ್ತು, ಯಾರಿಗೆ ಹೇಳುವುದು?

ಕೊನೆಗೊಂದು ಮಧ್ಯಾಹ್ನ ತಡೆಯಲಾರದೆ ಮನೆಗೆ ಹೋದೆ. ಹೆಂಡತಿ ಮಿಷನ್ ಮುಂದೆ ಕೂತಿದ್ದಳು. ಸ್ವಿಚ್ಚು ಆರಿಸಿ ಕ್ಯಾಮೆರಾವನ್ನು ಅವಳ ಕೈಗೆ ಕೊಟ್ಟು, ಅಲ್ಲಿಂದಲೇ ನನ್ನ ಫೋಟೋ ತೆಗಿ ಅಂದೆ. ಯಾಕೆ, ಏನು ಅಂತ ಕೇಳದೆ ಕ್ಯಾಮೆರಾವನ್ನು ಕಣ್ಣಿಗೆ ಹಿಡಿದು ಒತ್ತಿದಳು. ಹಿಂದಿನ ಪರದೆಯಲ್ಲಿ ನೋಡಿದೆ. ಗೋಡೆ, ಕಿಟಕಿಯ ಸರಳು, ಹಗ್ಗದ ಮೇಲಿನ ಟವೆಲ್ಲಿನ ನೂಲು ಕೂಡ ಸ್ಪಷ್ಟವಾಗಿ ಬಂದಿತ್ತು. ಕಲಸಿಹೋಗಿದ್ದವನು ನಾನೊಬ್ಬ.

ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. “ಸಾಲಿಗ್ರಾಮದಲ್ಲಿ ಅಲ್ಲಾಡಿದ್ದು ನನ್ನ ಕೈ ಕಣೆ. ನಿಂದಲ್ಲ” ಅಂದೆ.

“ಗೊತ್ತು.”

“ಗೊತ್ತಿದ್ದೂ ಹೇಳಲಿಲ್ಲವಲ್ಲ?”

“ಹೇಳಿದ್ದೆ ಕಣ್ರೀ. ನಿಮ್ಮೆದುರಿಗೇ ನಿಂತಿರೋಳು ನಾನು, ನಿಮ್ ಕೈ ನಂಗೆ ಕಾಣಾಕಿಲ್ವಾ? ಹನಗೋಡಲ್ಲಿ ಒಂದ್ಸಲ ಹೇಳ್ದೆ, ಪಿರಿಯಾಪಟ್ಣದಲ್ಲಿ ಒಂದ್ಸಲ ಹೇಳ್ದೆ. ಆವತ್ತು ಕೆ.ಆರ್. ನಗರದ ಬಸ್‌ಸ್ಟ್ಯಾಂಡಲ್ಲೂ ಹೇಳ್ದೆ. ಅದಕ್ಕೇ ಅಲ್ವಾ, ಇನ್ಮೇಲೆ ಬರಬ್ಯಾಡ ಅಂದಿದ್ದು ನೀವು?”

ಎಷ್ಟು ಕೆದಕಿದರೂ ನನಗೆ ಅದು ನೆನಪಿಗೆ ಬರಲಿಲ್ಲ. ಇವತ್ತಿಗೂ ಬರುವುದಿಲ್ಲ. ಆ ಬಸ್‌ಸ್ಟ್ಯಾಂಡಿನಲ್ಲಿ ನಾನಾಡಿದ ಮಾತೊಂದೇ ನನಗೆ ನೆನಪಿರುವುದು. ನಿಂತಲ್ಲಿ ನಿಲ್ಲಲಾಗದೆ ಬಾಗಿಲ ತನಕ ಹೋಗಿ ತಿರುಗಿ ಬಂದೆ.

“ನಾಳೆ ಸರಗೂರಲ್ಲಿ ತೊಟ್ಟಿಲ ಶಾಸ್ತ್ರ ಇದೆ. ಬರ್ತೀಯಾ?”

ಅವಳು ಕ್ಯಾಮೆರಾವನ್ನು ಎರಡೂ ಕೈಯಲ್ಲಿ ಹಿಡಿದು ಜೋಪಾನವಾಗಿ ನನಗೆ ಕೊಟ್ಟಳು. ಸೂಜಿಗೆ ದಾರ ಪೋಣಿಸಿಕೊಂಡಳು.

“ಈಗ ನಂಗೆ ಪುರುಸೊತ್ತಿಲ್ಲ ಬುಡಿ” ಅಂದಳು.

ಮಾರನೆಯ ದಿನ ಸರಗೂರಿಗೆ ನಾನೊಬ್ಬನೇ ಹೋದೆ. ಫೋಟೋಗಳೆಲ್ಲ ಚೆನ್ನಾಗಿ ಬಂದವು.