ಹದಿನೇಳರ ಮಗ್ಗಿ ಒಪ್ಪಿಸಿದ ಗೌರಿ

1979ರ ಜೂನ್. ಜಯನಗರದ ಒಂದು ಮಕ್ಕಳ ಕ್ಲಿನಿಕ್ಕಿನಲ್ಲಿ ನಾನು ಮನಶ್ಶಾಸ್ತ್ರಜ್ಞೆಯಾಗಿ ಸೇರಿ ಎರಡು ತಿಂಗಳಾಗಿತ್ತು. ವಯಸ್ಸು ಇಪ್ಪತ್ತಾರು, ತಿಳಿದಿದ್ದಕ್ಕಿಂತ ಜಂಬ ಜಾಸ್ತಿ.

ಹನುಮಂತನಗರದ ಟೈಲರ್ ರೇವಣ್ಣ ನಾಲ್ಕನೇ ಕ್ಲಾಸಿನ ಮಗಳು ಗೌರಿಯನ್ನು ಕರೆತಂದರು. ಲೆಕ್ಕದಲ್ಲಿ ಮಾತ್ರ ಸೊನ್ನೆ, ಹೀಗೇ ಆದರೆ ಶಾಲೆ ಬಿಡಿಸಬೇಕಾಗುತ್ತದೆ ಎಂದರು. "ಮಗ್ಗಿ ಕೇಳಿ ನೋಡಿ ಮೇಡಂ, ಇಪ್ಪತ್ತರವರೆಗೂ ಬರುತ್ತೆ. ಲೆಕ್ಕ ಕೊಟ್ರೆ ಮಾತ್ರ ಕಳ್ಳಾಟ." ಹದಿನೇಳರದ್ದು ಕೇಳಿದೆ. ಹುಡುಗಿ ಕಣ್ಣು ಮುಚ್ಚಿ ಒಂದೇ ಉಸಿರಿಗೆ ಒಪ್ಪಿಸಿದಳು. ಇಷ್ಟು ಬರುವವಳಿಗೆ ಕೂಡುವುದು ಬರುವುದಿಲ್ಲವೇ ಎಂದು ನನಗೂ ಅನ್ನಿಸಿತು. ಬುದ್ಧಿ ಚುರುಕು, ಗಮನ ಸಾಲದು, ಶಿಸ್ತು ಬೇಕು ಎಂದು ರಿಪೋರ್ಟ್ ಬರೆದು ಇಪ್ಪತ್ತು ನಿಮಿಷದಲ್ಲಿ ಕಳಿಸಿಬಿಟ್ಟೆ.

ಮುಂದಿನ ಏಪ್ರಿಲ್‌ನಲ್ಲಿ ಮತ್ತೆ ಬಂದರು. ಗೌರಿ ಫೇಲಾಗಿದ್ದಳು, ಶಾಲೆಯಲ್ಲಿ ಮಾತೇ ನಿಲ್ಲಿಸಿದ್ದಳು. ಬೆರಳ ಗೆಣ್ಣುಗಳ ಮೇಲೆ ಬಾಸುಂಡೆ. ಬಟ್ಟೆ ಅಳೆಯುವ ಮರದ ಸ್ಕೇಲಿನದು.

ಈ ಸಲ ಮಗ್ಗಿ ಕೇಳಲಿಲ್ಲ. ಒಂಬತ್ತು ದೊಡ್ಡದೋ ಆರು ದೊಡ್ಡದೋ ಎಂದೆ. ಅವಳು ತಬ್ಬಿಬ್ಬಾಗಿ ಒಂಬತ್ತರ ಮಗ್ಗಿ ಶುರುಮಾಡಿದಳು. ಮೇಜಿನ ಮೇಲೆ ಮೂರು ಹುಣಸೆಬೀಜ ಇಟ್ಟೆ. ನಾವು ನೋಡಿದ ಕೂಡಲೇ ಮೂರು ಅನ್ನುತ್ತೇವೆ; ಅವಳು ಒಂದೊಂದೇ ಮುಟ್ಟಿ ಎಣಿಸಿದಳು. ಮಗ್ಗಿಯನ್ನು ಮಿದುಳು ಹಾಡು ಕಲಿತಂತೆ ಬರೀ ಮಾತಾಗಿ ಕಲಿತಿಟ್ಟುಕೊಳ್ಳಬಲ್ಲದು. ಎಷ್ಟು, ಯಾವುದು ಹೆಚ್ಚು ಎಂಬ ಅರಿವು ಮಿದುಳಿನ ಬೇರೆಯೇ ಕೆಲಸ. ಗೌರಿಗೆ ಮೊದಲನೆಯದು ಚೆನ್ನಾಗಿತ್ತು, ಎರಡನೆಯದು ಕೈಕೊಟ್ಟಿತ್ತು. ಇದಕ್ಕೆ ಡಿಸ್ಕ್ಯಾಲ್ಕುಲಿಯಾ ಎಂಬ ಹೆಸರಿದೆ ಎಂದು ನನ್ನ ಕಿವಿಗೆ ಬಿದ್ದದ್ದು ಎಷ್ಟೋ ವರ್ಷಗಳ ಮೇಲೆ.

ಇದು ಸೋಮಾರಿತನವಲ್ಲ, ತಪ್ಪು ನನ್ನದು ಎಂದು ರೇವಣ್ಣನವರಿಗೆ ಹೇಳಿದೆ. ಅವರು ಮಗಳ ಬೆರಳುಗಳತ್ತ ನೋಡಿದರು.

"ಶಿಸ್ತು ಬೇಕು ಅಂತ ನೀವೇ ಬರೆದಿದ್ರಲ್ಲ ಮೇಡಂ. ಅದಕ್ಕೇ ಹೊಡೆದೆ."

ಗೌರಿ ನನ್ನ ಸೆರಗು ಹಿಡಿದು ಕೇಳಿದಳು: "ಹಂಗಾದ್ರೆ ನಾನು ಬೇಕೂಂತ ತಪ್ಪು ಮಾಡ್ತಿರ್ಲಿಲ್ವಾ ಮಿಸ್?"

"ಇಲ್ಲಮ್ಮ" ಎಂದೆ.

"ಅಪ್ಪಂಗೆ ಇನ್ನೊಂದ್ಸಲ ಹೇಳಿ."

ಅಪ್ಪ ಪಕ್ಕದಲ್ಲೇ ಕೂತಿದ್ದರು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು.

ನಾನೇ ಲೆಕ್ಕ ಹೇಳಿಕೊಡುತ್ತೇನೆಂದೆ. ನಾಲ್ಕನೇ ಕ್ಲಾಸಿಗೇ ಮತ್ತೆ ಸೇರಿಸಿಕೊಳ್ಳಲು ಶಾಲೆಯ ಹೆಡ್‌ಮಿಸ್ ಒಪ್ಪಿದರು. ಈಗ ರೇವಣ್ಣನವರೂ ಮಗಳು ಓದಲಿ ಎಂದೇ ಗೋಗರೆದರು. ಆದರೆ ಶಾಲೆಯ ಗೇಟು ಕಂಡರೆ ಹುಡುಗಿ ನಡುಗುತ್ತಿದ್ದಳು. ಅವಳು ಮತ್ತೆ ಒಳಗೆ ಕಾಲಿಡಲಿಲ್ಲ.

ಮಗು ಸರಿಯಾಗಿ ಹೇಳಿದ್ದಕ್ಕೆ ತಲೆದೂಗುವ ಮೊದಲು, ಅದು ಎಲ್ಲಿ ತಪ್ಪುತ್ತದೆ ಎಂದು ಪಕ್ಕದಲ್ಲಿ ಕೂತು ನೋಡಬೇಕು. ಆಮೇಲಿನ ಮೂವತ್ತು ವರ್ಷ ನಾನು ಇದನ್ನು ಮರೆಯಲಿಲ್ಲ. ಕಲಿತವಳು ನಾನು. ಶಾಲೆ ತಪ್ಪಿದ್ದು ಗೌರಿಗೆ.